ಬಂಡೆಗಿಂತ ಎಳೆಯದೇ ವಿಶ್ವ?

ಎಮ್ಮಿಗನೂರಿನಿಂದ ಕಂಪ್ಲಿಯನ್ನು ದಾಟಿ ಹಂಪೆಯ ಕಡೆಗೆ ಹೋಗುವವರಿಗೆ, ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಹೆಬ್ಬಂಡೆಗಳು ಚಿರಪರಿಚಿತವಾದುವು. ಈ ಗ್ರಾನೈಟ್ ಶಿಲೆ ಭೂಗರ್ಭದಲ್ಲಿ ಘನೀಭವಿಸಿದುದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಶಿಲೆಯ ಹರಳುಗಳಲ್ಲಿ ಅಡಗಿರುವ ಯುರೇನಿಯಂ ನಿಯತವಾದ ವೇಗದಲ್ಲಿ ಸೀಸವಾಗಿ ಮಾರ್ಪಡುವುದರಿಂದ ಇಂತಹ ವಯಸ್ಸನ್ನು ಗಣಿಸಬಹುದು. ಆದರೆ 1929ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಪ್ರಕಟಿಸಿದ ವಿಸ್ತರಣೆಯ ದರದಿಂದ ಲೆಕ್ಕಹಾಕಿದರೆ, ಇಡೀ ವಿಶ್ವದ ವಯಸ್ಸೇ ಸುಮಾರು 200 ಕೋಟಿ ವರ್ಷ! ಮಗಳಿಗಿಂತ ತಾಯಿಯೇ ಕಿರಿಯಳೆಂದಂತಾಯಿತು. ತಪ್ಪು ಎಲ್ಲಿತ್ತು? ಇದನ್ನು ತಿಳಿಯಬೇಕಾದರೆ ವಿಸ್ತರಣೆಯ ದರವನ್ನು ಅಳೆಯುವ ಬಗೆಯನ್ನು ನೋಡಬೇಕು.

ವಿಶ್ವವು ಹಿಗ್ಗುತ್ತಿರುವುದರಿಂದ ದೂರದ ಗೆಲಾಕ್ಸಿಗಳೆಲ್ಲ ನಮ್ಮಿಂದ ದೂರ ಸರಿಯುತ್ತಿರುವಂತೆ ಕಾಣುತ್ತವೆ. ಹೆಚ್ಚು ದೂರವಿದ್ದಷ್ಟೂ ಸರಿಯುವ ವೇಗ ಹೆಚ್ಚು. ವೇಗವನ್ನು ದೂರದಿಂದ ಭಾಗಿಸಿದರೆ ವಿಸ್ತರಣೆಯ ದರ ದೊರೆಯುತ್ತದೆ. ಇದಕ್ಕೆ ಹಬಲ್ ಸ್ಥಿರಾಂಕವೆಂದು ಹೆಸರು. ಹೀಗೆ ನಮಗೆ ಬೇಕಾದುವು ಎರಡೇ ಅಳತೆಗಳು.

ಮೊದಲನೆಯದು ವೇಗ. ಅದಿರು ಹೊತ್ತ ರೈಲು ಸಿಳ್ಳುಹಾಕುತ್ತ ಹೊಸಪೇಟೆಯ ನಿಲ್ದಾಣವನ್ನು ದಾಟಿ ಹೋದೊಡನೆ ಆ ಸಿಳ್ಳಿನ ಸ್ವರ ತಗ್ಗುವುದನ್ನು ವಾಚಕರು ಗಮನಿಸಿರಬಹುದು. ಬೆಳಕಿಗೂ ಇಂತಹುದೇ ಗತಿ. ಗೆಲಾಕ್ಸಿಯ ಬೆಳಕು ನಮ್ಮನ್ನು ತಲಪುವಷ್ಟರಲ್ಲಿ ಆಕಾಶವೇ ಹಿಗ್ಗಿ, ಬೆಳಕಿನ ಅಲೆಗಳೂ ಹಿಗ್ಗಿ, ರೋಹಿತದ ಗೆರೆಗಳು ಕೆಂಪಿನ ಕಡೆಗೆ ಸರಿದಿರುತ್ತವೆ. ಪ್ರಯೋಗಶಾಲೆಯಲ್ಲಿ 656.3 ನ್ಯಾನೋಮೀಟರ್ ಉದ್ದದ ಅಲೆಯಾಗಿ ಕಾಣುವ ಹೈಡ್ರೋಜನ್ನಿನ ಕೆಂಪು ಗೆರೆ, ಒಂದು ಗೆಲಾಕ್ಸಿಯಲ್ಲಿ 671.6 ನ್ಯಾನೋಮೀಟರಿಗೆ ಸರಿದಿದೆ ಎಂದು ಭಾವಿಸೋಣ. ಹೆಚ್ಚಳವು ಶೇಕಡ 2.33, ಆದುದರಿಂದ ವೇಗವು ಬೆಳಕಿನ ವೇಗದ ಶೇಕಡ 2.33, ಎಂದರೆ ಸೆಕೆಂಡಿಗೆ ಸುಮಾರು 7,000 ಕಿಲೋಮೀಟರ್.

ಈ ಗೆಲಾಕ್ಸಿ 32.6 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದ್ದರೆ, ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ 70 ಕಿಲೋಮೀಟರಿನಂತೆ ದರ ಬರುತ್ತದೆ. (32.6 ಲಕ್ಷ ಜ್ಯೋತಿರ್ವರ್ಷಕ್ಕೆ ಒಂದು ಮೆಗಾಪಾರ್ಸೆಕ್ ಎನ್ನುತ್ತಾರೆ.) ದೂರವನ್ನು ಅರ್ಧದಷ್ಟೆಂದು ತಪ್ಪಾಗಿ ಎಣಿಸಿದರೆ ದರವು 140 ಆಗಿಬಿಡುವುದು, ದರ ಇಮ್ಮಡಿಯಾದರೆ ವಿಶ್ವದ ವಯಸ್ಸು ಅರ್ಧವಾಗುವುದು. ತೊಡಕೆಲ್ಲ ಇರುವುದು ಎರಡನೆಯ ಅಳತೆಯಲ್ಲಿ.

ದೂರವನ್ನು ಅಳೆಯಲು ಒಂದು ಏಣಿಯನ್ನೇ ಕಟ್ಟಬೇಕಾಯಿತು. ಮೊದಲ ಮೆಟ್ಟಿಲು ರೇಖಾಗಣಿತದ್ದು. ಭೂಮಿ ಸೂರ್ಯನನ್ನು ಸುತ್ತುವಾಗ ಸಮೀಪದ ನಕ್ಷತ್ರಗಳು ಕೊಂಚ ಸ್ಥಾನ ಬದಲಿಸಿದಂತೆ ತೋರುತ್ತವೆ. ಈ ಕೋನದಿಂದ, ನದಿಯನ್ನು ದಾಟದೆಯೇ ಅದರ ಅಗಲವನ್ನು ಕಂಡುಹಿಡಿಯುವಂತೆ, ನಕ್ಷತ್ರದ ದೂರ ತಿಳಿಯುತ್ತದೆ. ಯೂರೋಪಿನ ಗಾಯಾ ನೌಕೆ 2014ರಿಂದ 2025ರವರೆಗೆ ಇಂತಹ ಕೋನಗಳನ್ನು ಬಹು ಸೂಕ್ಷ್ಮವಾಗಿ ಅಳೆಯಿತು.

ಎರಡನೆಯ ಮೆಟ್ಟಿಲು ಸೆಫೀಡ್ ತಾರೆಗಳದು. ಇವುಗಳ ಕಾಂತಿ ಕೆಲವು ದಿನ ಅಥವಾ ವಾರಗಳ ಅವಧಿಯಲ್ಲಿ ಕ್ರಮವಾಗಿ ಏರಿ ಇಳಿಯುತ್ತದೆ. ಅವಧಿ ದೀರ್ಘವಾದಷ್ಟೂ ತಾರೆಯ ನಿಜಕಾಂತಿ ಹೆಚ್ಚೆಂದು 1912ರಲ್ಲಿ ಹೆನ್ರಿಯೆಟಾ ಲೆವಿಟ್ ತೋರಿಸಿದರು. ಕತ್ತಲೆಯಲ್ಲಿ ದೂರದ ಹೊಲದ ದೀಪ ಇಂತಿಷ್ಟು ವಾಟಿನದೆಂದು ಗೊತ್ತಿದ್ದರೆ, ಅದು ಎಷ್ಟು ಮಂಕಾಗಿ ಕಾಣುವುದೆಂಬುದರಿಂದ ಹೊಲದ ದೂರವನ್ನು ಹೇಳಬಹುದಲ್ಲವೇ? ದೂರ ಎರಡರಷ್ಟಾದರೆ ಬೆಳಕು ಕಾಲುಭಾಗವಾಗುವುದು.

ಹಬಲ್ ಎಡವಿದ್ದು ಇಲ್ಲಿಯೇ. ಅವರು ಪಡೆದ ದರ ಸುಮಾರು 500. ಸೆಫೀಡ್‌ಗಳಲ್ಲಿ ಎರಡು ಜಾತಿಗಳಿವೆ, ಅವನ್ನು ಒಂದೇ ಎಂದೆಣಿಸಲಾಗಿತ್ತೆಂದು 1952ರಲ್ಲಿ ವಾಲ್ಟರ್ ಬಾಡೆ ತಿಳಿಸಿದರು. ಆಂಡ್ರೊಮೀಡ ಗೆಲಾಕ್ಸಿಯ ದೂರ ಒಮ್ಮೆಗೇ ಇಮ್ಮಡಿಯಾಯಿತು. ದೂರದ ಗೆಲಾಕ್ಸಿಗಳಲ್ಲಿ ಉಜ್ಜ್ವಲ ನಕ್ಷತ್ರಗಳೆಂದು ಬಗೆದುವುಗಳಲ್ಲಿ ಹಲವು ಹೊಳೆಯುವ ಅನಿಲಮೇಘಗಳೆಂದು 1958ರಲ್ಲಿ ಅಲನ್ ಸ್ಯಾಂಡೇಜ್ ತೋರಿಸಿ, ದರವನ್ನು 75ರ ಸಮೀಪಕ್ಕಿಳಿಸಿದರು. ವಿಶ್ವದ ವಯಸ್ಸು ಸಾವಿರ ಕೋಟಿ ವರ್ಷಗಳ ಮೇಲಕ್ಕೇರಿತು. ಹಂಪೆಯ ಬಂಡೆಯ ಹಿರಿತನಕ್ಕೆ ಆಗ ವಿಶ್ವದಲ್ಲಿ ಸ್ಥಳ ಸಿಕ್ಕಿತು.

ಸೆಫೀಡ್‌ಗಳೂ ಕಾಣದಷ್ಟು ದೂರಕ್ಕೆ ಮೂರನೆಯ ಮೆಟ್ಟಿಲು ಬೇಕು. ಶ್ವೇತಕುಬ್ಜವೆಂಬ ನಕ್ಷತ್ರವು ಸ್ಫೋಟಿಸಿದಾಗ ಉಂಟಾಗುವ ಒಂದನೆಯ 'ಎ' ವರ್ಗದ ಸೂಪರ್‌ನೋವಾಗಳ ಗರಿಷ್ಠ ಕಾಂತಿ ಹೆಚ್ಚುಕಡಮೆ ಸಮಾನ. ನಿಧಾನವಾಗಿ ನಂದುವುವು ತುಸು ಹೆಚ್ಚು ಉಜ್ಜ್ವಲ. ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸಬಹುದು. ಈ ಕೆಲಸದಲ್ಲಿ ಕರ್ನಾಟಕಕ್ಕೂ ಪಾಲುಂಟು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರಿನ ಸಮೀಪದ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. 2014ರಲ್ಲಿ 'ಎಂ 82' ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾವನ್ನು ಈ ದೂರದರ್ಶಕದಿಂದಲೂ ಅಭ್ಯಸಿಸಲಾಯಿತು. ದಟ್ಟವಾದ ಧೂಳು ಅದರ ಬೆಳಕನ್ನು ಮಂಕಾಗಿಸಿ ಕೆಂಪೇರಿಸಿತ್ತು. ಧೂಳಿನ ಪ್ರಭಾವವನ್ನು ಕಳೆಯದೆ ಹೋದರೆ ಹತ್ತಿರದ ದೀಪವನ್ನು ದೂರದ್ದೆಂದು ಭ್ರಮಿಸುವೆವು.

ಈ ಏಣಿಯನ್ನೇರಿದ ಆಡಮ್ ರೀಸ್‌ರ ತಂಡಕ್ಕೆ 2022ರಲ್ಲಿ ದೊರೆತ ಉತ್ತರ 73. ಅದರ ಅನಿಶ್ಚಿತತೆ 1. ಇನ್ನೊಂದು ಮಾರ್ಗವೂ ಇದೆ. ವಿಶ್ವದ ಶೈಶವದಲ್ಲಿ ಹೊರಟ ಸೂಕ್ಷ್ಮತರಂಗಗಳ ಪ್ರಭೆ ಇಂದಿಗೂ ಆಕಾಶವನ್ನೆಲ್ಲ ತುಂಬಿದೆ. ಅದರಲ್ಲಿನ ಮಚ್ಚೆಗಳನ್ನು ಪ್ಲಾಂಕ್ ಉಪಗ್ರಹ ಅಳೆಯಿತು. ಆ ಅಳತೆಗಳಿಗೆ ವಿಶ್ವದ ವಿಕಾಸದ ಸಿದ್ಧಾಂತವನ್ನು ಅನ್ವಯಿಸಿ 2018ರಲ್ಲಿ ಪ್ರಕಟಿಸಿದ ಉತ್ತರ 67.4, ಅನಿಶ್ಚಿತತೆ ಕೇವಲ ಅರ್ಧ. ಇದರಂತೆ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

500ರ ಮುಂದೆ 73ಕ್ಕೂ 67ಕ್ಕೂ ಇರುವ ಅಂತರ ಅಲ್ಪವೆನಿಸಬಹುದು. ಆದರೆ ಎರಡು ಪಕ್ಷದವರೂ ಹೇಳುವ ಅನಿಶ್ಚಿತತೆಗಿಂತ ಅದು ಬಹು ದೊಡ್ಡದು. ವೆಬ್ ದೂರದರ್ಶಕದಿಂದ ಸೆಫೀಡ್‌ಗಳನ್ನು ಮತ್ತೆ ಪರೀಕ್ಷಿಸಿದಾಗಲೂ ಹಿಂದಿನ ಅಳತೆಗಳೇ ಸ್ಥಿರಪಟ್ಟುವು. ಕೆಂಪು ದೈತ್ಯತಾರೆಗಳನ್ನು ಮೆಟ್ಟಿಲಾಗಿಸಿಕೊಂಡ ವೆಂಡಿ ಫ್ರೀಡ್‌ಮನ್‌ರ ತಂಡಕ್ಕೆ 70ರ ಸುಮಾರಿನ ಬೆಲೆ ಬಂದಿದೆ. ಏಣಿಯ ಯಾವುದೋ ಮೆಟ್ಟಿಲು ಸಡಿಲವಾಗಿದ್ದರೆ ಅದನ್ನು ಬಿಗಿಮಾಡಬೇಕು. ಮೆಟ್ಟಿಲುಗಳೆಲ್ಲ ಭದ್ರವಾಗಿದ್ದರೆ ಸಿದ್ಧಾಂತವನ್ನೇ ತಿದ್ದಬೇಕು. ಹಿಂದಿನ ವೈಷಮ್ಯದಲ್ಲಿ ತಿದ್ದುಪಡಿಯಾದುದು ಅಳತೆಗೆ. ಈ ಸಲ ಯಾವುದಕ್ಕೆ ಎಂಬುದನ್ನು ನಿರ್ಣಯಿಸಲು ಮತ್ತೆ ದೂರಗಳನ್ನೇ, ಇನ್ನಷ್ಟು ಎಚ್ಚರದಿಂದ, ಅಳೆಯಬೇಕಾಗಿದೆ.