ಓದುವ ಮಕ್ಕಳನ್ನು ಉಳಿಸಿಕೊಂಡವರು

ಸೋಮವಾರ ಶಾನುಭೋಗರ ಮನೆ, ಮಂಗಳವಾರ ವಕೀಲರ ಮನೆ, ಬುಧವಾರ ಮೇಷ್ಟ್ರ ಮನೆ. ನೂರು ವರ್ಷದ ಹಿಂದೆ ಮೈಸೂರು, ಬೆಂಗಳೂರು, ಧಾರವಾಡಕ್ಕೆ ಓದಲು ಬಂದ ಬಡ ಹುಡುಗರು ಹೀಗೆ ದಿನಕ್ಕೊಂದು ಮನೆ ಹಿಡಿದು ಉಣ್ಣುತ್ತಿದ್ದರು. ವಾರಾನ್ನ ಎಂದರೆ ಅದೇ. ಆರು ಮನೆಯಷ್ಟೇ ಸಿಕ್ಕಿದವನಿಗೆ ಏಳನೆಯ ದಿನ ದೇವಸ್ಥಾನದ ಪ್ರಸಾದ, ಅದೂ ಇಲ್ಲದಿದ್ದರೆ ಉಪವಾಸ. ಉಂಡ ಋಣಕ್ಕೆ ಬಾವಿಯಿಂದ ನೀರು ಸೇದಬೇಕು, ಪೂಜೆಗೆ ಹೂ ಬಿಡಿಸಬೇಕು, ಆ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡಬೇಕು. ಎಷ್ಟೋ ಮನೆಗಳಲ್ಲಿ ಅನ್ನದ ಜೊತೆಗೆ ಅವಮಾನವನ್ನೂ ನುಂಗಬೇಕಿತ್ತು. ಆದರೂ ಆ ಏರ್ಪಾಡಿಗೆ ಒಂದು ಗುಣವಿತ್ತು. ಮಂಗಳವಾರದ ಹುಡುಗ ಬರದಿದ್ದರೆ ಮನೆಯವರಿಗೆ ಅಂದೇ ಗೊತ್ತಾಗುತ್ತಿತ್ತು. ಜ್ವರವೋ, ಊರಿಗೆ ಹೋದನೋ, ಓದನ್ನೇ ಬಿಟ್ಟನೋ ಎಂದು ಕೇಳುವವರಿದ್ದರು.

ವಿದ್ಯಾರ್ಥಿಗಳು ನಡುವೆ ಕಾಲೇಜು ಬಿಡದಂತೆ ನೋಡಿಕೊಳ್ಳುವ ಹೊಣೆ ಯಾರದು ಎಂಬ ಮಾತು ಎದ್ದಾಗಲೆಲ್ಲ ನನಗೆ ಈ ಚರಿತ್ರೆ ನೆನಪಾಗುತ್ತದೆ. ಆ ಹೊಣೆಯನ್ನು ನಮ್ಮ ನಾಡು ಬಹಳ ಹಿಂದಿನಿಂದಲೂ ಹಲವು ಕೈಗಳಲ್ಲಿ ಹಂಚಿಕೊಂಡು ಬಂದಿದೆ.

ಹಂಚಿಕೆ ಎಲ್ಲರಿಗೂ ಆಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ವಾರಾನ್ನದ ಬಾಗಿಲು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ತೆರೆದದ್ದು. ಒಕ್ಕಲು ಮನೆಯ ಮಗನಿಗೆ ಪಟ್ಟಣದಲ್ಲಿ ಉಣ್ಣಲು ಮನೆಯಿರಲಿಲ್ಲ. ದಲಿತರ ಹುಡುಗನಿಗೆ ಬಾಡಿಗೆಗೆ ಕೋಣೆಯೂ ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳಂತೂ ಈ ಲೆಕ್ಕದಲ್ಲೇ ಇರಲಿಲ್ಲ. ವಿದ್ಯಾರ್ಥಿನಿಲಯಗಳು ಹುಟ್ಟಿಕೊಂಡದ್ದು ಈ ಕೊರತೆಯಿಂದ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳಿಗೆ ಬೋರ್ಡಿಂಗುಗಳನ್ನು ತೆರೆಸುತ್ತ ಹೋದರು. ಬೆಂಗಳೂರಿನಲ್ಲಿ ವ್ಯಾಪಾರಿ ಗುಬ್ಬಿ ತೋಟದಪ್ಪನವರು ಪ್ರಯಾಣಿಕರಿಗೆ ಛತ್ರ ಕಟ್ಟಿಸಿದ್ದಲ್ಲದೆ ಓದುವ ಹುಡುಗರಿಗೆ ಉಚಿತ ನಿಲಯವನ್ನೂ ಮಾಡಿಕೊಟ್ಟರು. ಗೋಪಾಲಸ್ವಾಮಿ ಅಯ್ಯರ್ ದಲಿತ ವಿದ್ಯಾರ್ಥಿಗಳಿಗಾಗಿ ನಿಲಯಗಳನ್ನು ನಡೆಸಿದರು. ಅವರ ಹೆಸರಿನ ಹಾಸ್ಟೆಲಿನಲ್ಲಿದ್ದು ಓದಿದವರು ಕವಿ ಸಿದ್ಧಲಿಂಗಯ್ಯ. 'ಊರು ಕೇರಿ'ಯಲ್ಲಿ ಆ ಹಾಸ್ಟೆಲಿನ ದಿನಗಳಿವೆ. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿಯನ್ನು ನಾವು ಮೀಸಲಾತಿಗಾಗಿ ಮಾತ್ರ ನೆನೆಯುತ್ತೇವೆ. ಹಿಂದುಳಿದವರಿಗೆ ವಿದ್ಯಾರ್ಥಿವೇತನ ಬೇಕು, ಹಾಸ್ಟೆಲ್ ಬೇಕು ಎಂದೂ ಅದು ಹೇಳಿತ್ತು. ನನ್ನ ಮಟ್ಟಿಗೆ ಆ ಶಿಫಾರಸಿನ ತೂಕವೇನೂ ಕಡಿಮೆಯದಲ್ಲ. ಮಲಗಲು ಜಾಗ, ಉಣ್ಣಲು ಅನ್ನ ಇಲ್ಲದವನು ಸಿಕ್ಕ ಸೀಟನ್ನು ಎಷ್ಟು ದಿನ ಉಳಿಸಿಕೊಂಡಾನು?

ತುಮಕೂರಿನ ಸಿದ್ಧಗಂಗೆಯದು ಈ ಕಥೆಯ ದೊಡ್ಡ ಅಧ್ಯಾಯ. ಅಲ್ಲಿನ ಶಿವಕುಮಾರ ಸ್ವಾಮೀಜಿ 1927ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ್ದರು. ಪದವಿ ಮುಗಿಯುವ ಮೊದಲೇ ಮಠದ ಉತ್ತರಾಧಿಕಾರ ಬಂತು, ಓದು ಅಲ್ಲಿಗೆ ನಿಂತಿತು. ಹಾಗೆ ಓದು ಬಿಟ್ಟುಬಂದವರು ಮುಂದೆ ಜಾತಿ ಕೇಳದೆ ಸುಮಾರು 10,000 ಮಕ್ಕಳಿಗೆ ಒಂದೇ ಕಾಲಕ್ಕೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಈ ದಾಸೋಹ ಒಂದು ಮಠದ ಗಂಟಿನಿಂದ ನಡೆದದ್ದಲ್ಲ. ಸ್ವಾಮೀಜಿ ಊರೂರು ತಿರುಗಿ ಭಿಕ್ಷೆ ಎತ್ತಿದರು. ಸುತ್ತಲ ರೈತರು ರಾಗಿ, ತೆಂಗಿನಕಾಯಿ, ಸೌದೆ ತಂದು ಹಾಕಿದರು. ತನ್ನ ಮಗ ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಇನ್ನೊಬ್ಬರ ಮಗ ಓದಲಿ ಎಂದು ಪಲ್ಲಗಟ್ಟಲೆ ರಾಗಿ ಅಳೆದುಕೊಟ್ಟ ರೈತನ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ನಮ್ಮ ಉನ್ನತ ಶಿಕ್ಷಣದ ಚರಿತ್ರೆ ಬರೆಯುವವರು ಅವನಿಗೆ ಒಂದು ಪುಟವನ್ನಾದರೂ ಮೀಸಲಿಡಬೇಕು.

ಸರ್ಕಾರ ಈ ಹೊಣೆಗೆ ದೊಡ್ಡದಾಗಿ ಹೆಗಲು ಕೊಟ್ಟದ್ದು ಆಮೇಲೆ. ಹಿಂದುಳಿದ ವರ್ಗಗಳ ಬಗೆಗಿನ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ದೇವರಾಜ ಅರಸರ ಆ ಕಾಲದಲ್ಲೇ ಹಿಂದುಳಿದ ವರ್ಗಗಳಿಗೊಂದು ಪ್ರತ್ಯೇಕ ಇಲಾಖೆಯಾಯಿತು, ಅದರ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೆ ಹಬ್ಬಿದವು. ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ 2013-14ರಲ್ಲಿ ಬಂತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಪಾಸಿನ ಖರ್ಚೂ ತಪ್ಪಿತು. ಹಿಂದೆ ಬಾಗಿಲಾಚೆಗೆ ನಿಂತಿದ್ದ ಮಕ್ಕಳಿಗೆ ಈಗ ಅನ್ನ ಹಕ್ಕಾಗಿ ಸಿಗುತ್ತಿದೆ, ಯಾರ ಮನೆಯ ನೀರನ್ನೂ ಸೇದಬೇಕಾಗಿಲ್ಲ. ಇದು ಸಣ್ಣ ಸಾಧನೆಯಲ್ಲ.

ಈ ದಾರಿಯಲ್ಲಿ ಕಳೆದುಹೋದದ್ದು ವಿಚಾರಿಸುವ ಅಭ್ಯಾಸ. ಶೇಕಡಾ 75 ಹಾಜರಾತಿ ಬೇಕೆಂಬ ನಿಯಮ ನಮ್ಮಲ್ಲಿದೆ. ಆದರೆ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬರುವುದು ಸೆಮಿಸ್ಟರಿನ ಕೊನೆಗೆ. ಅಷ್ಟರಲ್ಲಿ ಹುಡುಗ ಗಾರ್ಮೆಂಟ್ಸ್ ಕೆಲಸಕ್ಕೋ ಡೆಲಿವರಿ ಕೆಲಸಕ್ಕೋ ಸೇರಿರುತ್ತಾನೆ, ಹುಡುಗಿಗೆ ಮದುವೆ ಗೊತ್ತಾಗಿರುತ್ತದೆ. ಹಾಜರಿ ಪುಸ್ತಕ ಮೂರನೆಯ ವಾರದಲ್ಲೇ ಹೇಳುತ್ತಿದ್ದ ಸುದ್ದಿಯನ್ನು ಹದಿನಾರನೆಯ ವಾರದಲ್ಲಿ, ಅದೂ ಶಿಕ್ಷೆಯ ರೂಪದಲ್ಲಿ, ಓದಿ ಹೇಳುತ್ತೇವೆ. ನ್ಯಾಕ್ ಮೌಲ್ಯಮಾಪನಕ್ಕಾಗಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಇದ್ದಾರೆಂದು ಕಾಲೇಜುಗಳು ಬರೆದುಕೊಡುತ್ತವೆ. ಆ ಮೆಂಟರಿಗೆ ಮಗುವಿನ ಮನೆಗೆ ಒಂದು ಫೋನ್ ಮಾಡುವುದಕ್ಕೆ ಬಿಡುವು ಕೊಟ್ಟರೆ ಅರ್ಧ ಕೆಲಸ ಆದಂತೆ.

ಎಷ್ಟೋ ಕಡೆ ಆ ಫೋನ್ ಹೋಗುತ್ತಿದೆ ಕೂಡ. ಪರೀಕ್ಷಾ ಶುಲ್ಕಕ್ಕೆ ಕೈಯಿಂದ ಹಣ ಕೊಟ್ಟು, ಮದುವೆ ಮುಂದೂಡಿ ಎಂದು ತಂದೆಯ ಬಳಿ ಕೂತು ಮಾತಾಡಿ ಬರುವ ಅಧ್ಯಾಪಕರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿದ್ದಾರೆ. ಅವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ತಾವಿರುತ್ತೇವೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಅವರ ನೇಮಕಾತಿಯನ್ನು ಮೊದಲು ಸರಿಪಡಿಸಿ.