ಸತ್ತ ಮೀನಿನ ಮಿದುಳಲ್ಲಿ ಕೆಂಪು ಚುಕ್ಕೆ

ಮಿದುಳಿನ ಚಿತ್ರದಲ್ಲಿ ಕೆಂಪು ಚುಕ್ಕೆ ತೋರಿಸಿ ‘ಪ್ರೀತಿ ಹುಟ್ಟುವ ಜಾಗ ಇದೇ’ ಎನ್ನುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು ಎಂದು ಓದುಗರೊಬ್ಬರು ಕೇಳಿದ್ದಾರೆ. ಉತ್ತರವನ್ನು ಮೀನೊಂದರಿಂದ ಹೇಳಿಸುತ್ತೇನೆ. ಮೀನು ಸತ್ತಿದೆ, ಚಿಂತೆಯಿಲ್ಲ.

ಅಮೆರಿಕದ ವಿಜ್ಞಾನಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸುಮಾರು ಒಂದೂಮುಕ್ಕಾಲು ಕಿಲೋ ತೂಗುವ ಸಾಲ್ಮನ್ ಒಂದನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಮಿದುಳಿನ ಯಾವ ಭಾಗದ ರಕ್ತದಲ್ಲಿ ಆಮ್ಲಜನಕ ಏರುಪೇರಾಗುತ್ತಿದೆ ಎಂದು ಪತ್ತೆಹಚ್ಚುವ ಯಂತ್ರವದು. ಮೀನಿಗೆ ಮನುಷ್ಯರ ಫೋಟೊಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿ ಯಾವ ಭಾವವಿದೆ ಹೇಳು ಎಂದು ಗಂಭೀರವಾಗಿಯೇ ಕೇಳಿದರು. ಲೆಕ್ಕ ಹಾಕಿ ನೋಡಿದರೆ ಮಿದುಳಿನ ಒಂದೆಡೆ ಕೆಂಪು ಚುಕ್ಕೆ!

ಪವಾಡವೇನೂ ಅಲ್ಲ. ಯಂತ್ರ ತಾನು ಚಿತ್ರಿಸಿದ ಜಾಗವನ್ನು 8064 ಪುಟ್ಟ ಘನಗಳಾಗಿ ನೋಡಿತ್ತು. ‘ಇಲ್ಲಿ ಏನೂ ನಡೆಯುತ್ತಿಲ್ಲ’ ಎಂದು ಮೊದಲು ಊಹಿಸಿಕೊಂಡು ಪ್ರತಿ ಘನವನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. ಇಷ್ಟು ಬಲವಾದ ಸಂಕೇತ ಬರೀ ಆಕಸ್ಮಿಕದಿಂದ ಬರುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಆ ಊಹೆಯನ್ನು ಕೈಬಿಡುತ್ತಾರೆ. ಕಟ್ಟುನಿಟ್ಟಾದ ನಿಯಮವೇ ಸರಿ. ಆದರೆ ಎಂಟು ಸಾವಿರ ಸಲ ಪರೀಕ್ಷಿಸಿದರೆ ಸರಾಸರಿ ಎಂಟು ಕಡೆ ಸುಳ್ಳು ಸಂಕೇತ ಏಳುತ್ತದೆ. ಇಲ್ಲಿ 16 ಎದ್ದವು.

ಸಾವಿರಕ್ಕೆ ಒಂದು ಎಂದರೆ ‘ಫಲಿತಾಂಶ ಶೇ 99.9 ನಿಜ’ ಎಂದು ಓದಿದವರೂ ತಿಳಿದಿರುತ್ತಾರೆ. ಈ ತಪ್ಪು ತಿಳಿವಳಿಕೆಗೆ ಸಾಲ್ಮನ್‌ಗಿಂತ ಒಳ್ಳೆಯ ಮದ್ದಿಲ್ಲ: ಹದಿನಾರರಲ್ಲಿ ಹದಿನಾರೂ ಸುಳ್ಳು. ಯುಗಾದಿಗೆ ಟಿವಿಯಲ್ಲಿ ಕೂತು ನೂರು ಭವಿಷ್ಯ ಹೇಳಿ, ಫಲಿಸಿದ ಒಂದನ್ನೇ ವರ್ಷವಿಡೀ ಸಾರುವ ಜ್ಯೋತಿಷಿಗಳ ಬಂಡವಾಳವೂ ಇದೇ. ವ್ಯತ್ಯಾಸವೆಂದರೆ, ವಿಜ್ಞಾನಿಗಳು ತಮ್ಮ ಬಂಡವಾಳವನ್ನು ತಾವೇ ಬಯಲು ಮಾಡಿದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ನೊಬೆಲ್ ಪ್ರಶಸ್ತಿಯನ್ನೂ 2012ರಲ್ಲಿ ನಗುತ್ತ ಪಡೆದರು.

ಎಷ್ಟು ಪರೀಕ್ಷೆ ಮಾಡಿದ್ದೇವೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿ ಮಿತಿ ಬಿಗಿಗೊಳಿಸಿದಾಗ ಚುಕ್ಕೆಗಳೆಲ್ಲ ಮಾಯವಾದವು. ಹಾಗೆಂದು ಬಿಗಿ ಮಾಡುತ್ತಲೇ ಹೋಗುವಂತಿಲ್ಲ. ಇಲ್ಲದ್ದನ್ನು ಇದೆ ಎನ್ನುವುದು ಮೊದಲ ಬಗೆಯ ದೋಷ. ಇರುವುದನ್ನು ಇಲ್ಲ ಎನ್ನುವುದು ಎರಡನೆಯದು. ಮಿತಿ ಅತಿ ಬಿಗಿಯಾದರೆ ಜೀವಂತ ಮಿದುಳಿನ ಕ್ಷೀಣ ಸಂಕೇತವೂ ಕಳೆದುಹೋಗುತ್ತದೆ. ರೋಗ ತಪಾಸಣೆಯಲ್ಲಿ ಈ ಎರಡನೆಯ ದೋಷ ಪ್ರಾಣಕ್ಕೇ ಎರವಾದೀತು. ಎರಡನ್ನೂ ಒಟ್ಟಿಗೆ ತಗ್ಗಿಸಬೇಕೆಂದರೆ ಇನ್ನಷ್ಟು ಜನರನ್ನು ಅಳೆಯಬೇಕು, ಅಳತೆಯನ್ನೂ ಚೊಕ್ಕಗೊಳಿಸಬೇಕು. ಅದಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು.