ವಂಶವೃಕ್ಷದ ಬೇರು ಹೊಲದಲ್ಲಿದೆ

ಮನೆತನದ ಚರಿತ್ರೆ ಹುಡುಕಲು ಹೊರಟವರು ಮೊದಲು ಹೆಸರುಗಳನ್ನು ಕಲೆಹಾಕುತ್ತಾರೆ. ಆದರೆ ನಮ್ಮ ಕಡೆ ಹೆಸರಿನಷ್ಟು ದಾರಿ ತಪ್ಪಿಸುವ ಸುಳಿವು ಇನ್ನೊಂದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದಾಗಿ ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ಅದೇ ಬಸಪ್ಪ, ಅದೇ ನಿಂಗಪ್ಪ ಮರಳಿ ಬರುತ್ತಾನೆ. ಇಬ್ಬರು ಒಬ್ಬರಾಗಿ, ನಡುವಿನ ಐವತ್ತು ವರ್ಷ ಮಾಯವಾಗುತ್ತದೆ. ಅಡ್ಡಹೆಸರನ್ನೂ ನೆಚ್ಚಿಕೊಳ್ಳುವಂತಿಲ್ಲ. ಊರಲ್ಲೇ ಗೌಡಿಕೆ ಮಾಡಿಕೊಂಡಿದ್ದ ಅಣ್ಣನ ಮಕ್ಕಳು ಪಾಟೀಲರಾದರೆ, ಪರಊರಿಗೆ ಹೋದ ತಮ್ಮನ ಮಕ್ಕಳಿಗೆ ಹುಟ್ಟೂರಿನ ಹೆಸರೇ ಅಡ್ಡಹೆಸರಾಗಿರಬಹುದು. ಆದ್ದರಿಂದ ಹಿರಿಯರ ಜಾಡು ಹಿಡಿಯುವವರು ಹೆಸರಿಗಿಂತ ಮೊದಲು ಜಮೀನಿನ ಬೆನ್ನು ಹತ್ತಬೇಕು.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲಿ, ಮೈಸೂರು ಸಂಸ್ಥಾನದಲ್ಲಿ 1863ರ ನಂತರ ಹೊಲಗಳಿಗೆ ಸರ್ವೆ ನಂಬರುಗಳು ಬಂದವು. ಮನುಷ್ಯರು ಬದಲಾದರೂ ಹೊಲದ ಗುರುತು ಸುಲಭಕ್ಕೆ ಅಳಿಯುವುದಿಲ್ಲ. ಒಂದು ನಂಬರು ಹಿಸ್ಸಾಗಳಾಗಿ ಒಡೆದಿದ್ದರೆ ಅಲ್ಲೊಂದು ಪಾಲುಪಟ್ಟಿ ನಡೆದಿರಬಹುದು. ಮ್ಯುಟೇಶನ್ ವಹಿಯಲ್ಲಿ ಪೌತಿ ಖಾತೆಯ ನಮೂದಿದ್ದರೆ ತೀರಿಕೊಂಡವರ ಹೆಸರೂ ವಾರಸುದಾರರ ಹೆಸರೂ ಒಟ್ಟಿಗೆ ಸಿಗುತ್ತವೆ. ಈಗಿನ ಪಹಣಿಯಿಂದ ಹಿಂದಕ್ಕೆ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಕೈಬರಹದ ವಹಿಗಳವರೆಗೆ ಒಂದೊಂದೇ ಕೊಂಡಿ ಹಿಡಿದು ಹೋದರೆ ಒಂದೇ ಹೆಸರಿನ ದಾಯಾದಿಗಳು ತಾವಾಗಿಯೇ ಬೇರೆಯಾಗುತ್ತಾರೆ.

ಉತ್ತರ ಕರ್ನಾಟಕದವರು ಇಲ್ಲೊಂದು ಮಾತು ಎತ್ತಬಹುದು: ವಂಶಾವಳಿ ಹೇಳಲು ಹೆಳವರಿದ್ದಾರಲ್ಲ, ಕಾಗದ ಯಾಕೆ? ಎತ್ತಿನ ಮೇಲೆ ಮನೆಮನೆಗೆ ಬಂದು ತಲೆಮಾರುಗಳನ್ನು ಸಾಲಾಗಿ ಹೇಳಿ ಕಾಳುಕಡಿ ಪಡೆಯುತ್ತಿದ್ದ ಹೆಳವರ ನೆನಪು ದೊಡ್ಡ ಆಸ್ತಿ. ಮೂಲ ಊರು ಯಾವುದು, ಯಾವ ಕವಲು ಎಲ್ಲಿಗೆ ಹೋಯಿತು ಎಂಬುದನ್ನು ಕಂದಾಯದ ವಹಿ ಹೇಳದು, ಅವರು ಹೇಳುತ್ತಾರೆ. ಆದರೆ ಕಾಲ ಗೊತ್ತಾಗಬೇಕಾದರೆ ವಹಿಯೇ ಬೇಕು. ಹಾಗೆಂದು ವಹಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಪೌತಿ ಖಾತೆಯ ತಾರೀಖು ಸಾವಿನ ತಾರೀಖಲ್ಲ. ಅಜ್ಜ ಸತ್ತು ಎಷ್ಟೋ ವರ್ಷ ಕಳೆದರೂ ಅವನ ಹೆಸರಲ್ಲೇ ಉಳಿದ ಹೊಲಗಳು ಇಂದಿಗೂ ಊರೂರಲ್ಲಿವೆ. ಬಾಯಿಮಾತೂ ಬರಹವೂ ಒಂದನ್ನೊಂದು ಒರೆಗೆ ಹಚ್ಚಿದಾಗಲೇ ನಿಜ ತಿಳಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೊಲ ಇದ್ದವರಿಗೆ ವಹಿಯಿದೆ, ಇಲ್ಲದವರಿಗೆ ಏನಿದೆ? ಈ ಪ್ರಶ್ನೆ ನ್ಯಾಯವಾದದ್ದೇ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಪಹಣಿಯಲ್ಲಿ ಒಡೆಯನ ಹೆಸರು 9ನೇ ಕಾಲಮ್ಮಿನಲ್ಲಿದ್ದರೆ ಉಳುವವನದು 12ನೆಯದರಲ್ಲಿರುತ್ತದೆ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಯಾರ ಹೊಲವನ್ನು ಎಷ್ಟು ಕಾಲದಿಂದ ಉಳುತ್ತಿದ್ದರು ಎಂಬುದು ಆ ಕಡತಗಳಲ್ಲಿದೆ. ತೋಟಿ, ತಳವಾರ, ನೀರಗಂಟಿಗಳ ಇನಾಮು ಜಮೀನಿನ ಸಂಗತಿ 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಡಿಯ ಪುನರ್ ಮಂಜೂರಿ ಕಡತಗಳಲ್ಲಿ ಸಿಗುತ್ತದೆ. ವಂಶವೃಕ್ಷದಲ್ಲಿ ಜಾಗವೇ ಸಿಗದ ಹೆಂಗಸು, ಗಂಡ ತೀರಿಕೊಂಡ ಮೇಲೆ ಎಳೆಯ ಮಗನ ಪೋಷಕಿಯಾಗಿ ವಹಿಯಲ್ಲಿ ಕಾಣಿಸಿಕೊಳ್ಳುತ್ತಾಳೆ. ಆ ಒಂದು ಸಾಲಿನಿಂದ ಒಂದು ಸಂಸಾರವನ್ನು ಹೊತ್ತು ನಡೆಸಿದವಳು ಯಾರೆಂದು ತಿಳಿಯುತ್ತದೆ.

ಇಂಥ ಹುಡುಕಾಟ ಜಾತಿಯ ಹೆಮ್ಮೆಗೆ ನೀರೆರೆಯುತ್ತದೆಂಬ ಆತಂಕವೂ ಸುಳ್ಳಲ್ಲ. ದೊರೆಯ ವಂಶಕ್ಕೆ ಗಂಟುಹಾಕಿದ ಕಥೆಗಳನ್ನೇ ಹುಡುಕಿದರೆ ಹಾಗೇ ಆಗುತ್ತದೆ. ವಹಿಯನ್ನು ಪ್ರಾಮಾಣಿಕವಾಗಿ ಓದಿದವರಿಗೆ ಸಿಗುವುದು ಸಾಲ, ಅಡಮಾನ, ವಲಸೆ, ಅಣ್ಣತಮ್ಮಂದಿರ ವ್ಯಾಜ್ಯ. ಜೊತೆಗೆ, ತಮ್ಮ ಹಿರಿಯರ ಹೊಲದಲ್ಲಿ ದುಡಿದ ಇನ್ನೊಬ್ಬರ ಹಿರಿಯರು. ಅವರನ್ನೂ ಬರೆದುಕೊಳ್ಳದ ಮನೆತನದ ಚರಿತ್ರೆ ಅರ್ಧ ಚರಿತ್ರೆ. ಆಧಾರ ಸಿಗದ ಕಡೆ ಜಾಗ ಖಾಲಿ ಬಿಡಿ, ಆಧಾರ ಸಿಕ್ಕ ಕಡೆ ಅದು ಯಾವ ವಹಿ, ಯಾವ ಪುಟ ಎಂದು ಬರೆದಿಡಿ. ಮುಂದಿನವರು ನಮ್ಮ ಮಾತನ್ನು ಒಪ್ಪುವುದಕ್ಕೂ ತಿದ್ದುವುದಕ್ಕೂ ಅದೇ ದಾರಿ.